ಪ್ರಸಂಗ ಕೇಳಿ ಮನಸ್ಸು ಕರಗುವುದನ್ನು ತಡೆಗಟ್ಟುವ ಬಗ್ಗೆ

ಸಂಖ್ಯೆ: ಪ್ರ.ನಿ.ಸ./ಶುಕ್ರ/14/2025
ಪ್ರಸಂಗ ನಿಯಂತ್ರಣ ಸಮಿತಿ, ಮಸ್ಕತ್

ವಿಷಯ: ಶುಕ್ರವಾರದ ಚರ್ಚ್ ಆರಾಧನೆಯ ಪ್ರಸಂಗಗಳಿಂದ ಉಂಟಾಗುತ್ತಿರುವ ಪರಿಣಾಮಗಳ ನಿಯಂತ್ರಣ.

ಉಲ್ಲೇಖ: ಕಾರ್ಯದರ್ಶಿಯವರ ಪತ್ನಿಯ ಮೌಖಿಕ ದೂರು: "ಇನ್ನು ಪಾತ್ರೆ ತೊಳೆಯುವುದು ಯಾರು, ಆ ಫ್ರೆಡ್ಡಿಯಾ?"

ಕಳೆದ ಶುಕ್ರವಾರ ಸಭಾಪಾಲಕರ ಗಂಟಲು ಕಟ್ಟಿದ್ದರಿಂದ, ವಾದಿ ಕಬೀರ್ ಬಡಾವಣೆಯ ಗ್ಯಾರೇಜ್ ಮೆಕ್ಯಾನಿಕ್ ಶ್ರೀ ಫ್ರೆಡ್ಡಿಯವರನ್ನು ಪ್ರಸಂಗಪೀಠಕ್ಕೆ ಹತ್ತಿಸಲಾಯಿತು. ಸದರಿಯವರು ನಾಲ್ಕೇ ನಿಮಿಷ ಮಾತನಾಡಿ, "ನಮ್ಮಲ್ಲಿ ಕೆಲವರ ಕಪಾಟಿನಲ್ಲಿ ಕೆಲಸದವರ ಪಾಸ್‌ಪೋರ್ಟ್ ಉಂಟು. ಮೊದಲು ಅದನ್ನು ಕೊಡುವ, ಮತ್ತೆ ಹಾಡುವ. ಖಲಾಸ್" ಎಂದು ಇಳಿದುಬಿಟ್ಟರು.

ಈ ಸಮಿತಿಯ ಕಾರ್ಯದರ್ಶಿ, ಅಲ್ ಹೈಲ್ ನಿವಾಸಿ ಶ್ರೀ ಅವಿಲ್ ಅವರ ಮನೆಕೆಲಸದ ಕುಮಾರಿ ಜೋಸ್ಲಿನ್, ಹಾಸಿಗೆ ಹಿಡಿದ ತಾಯಿಯನ್ನು ನೋಡಿಬರಲು ಒಂದು ವರ್ಷದಿಂದ ಪಾಸ್‌ಪೋರ್ಟ್ ಕೇಳುತ್ತಿದ್ದರು. ಪ್ರಸಂಗ ಕೇಳಿದ ಶ್ರೀ ಅವಿಲ್ ಅವರು ಕಣ್ಣು ತುಂಬಿಕೊಂಡು, ಮನೆಗೆ ಹೋದವರೇ ಅದನ್ನು ಆಕೆಯ ಕೈಗಿಟ್ಟರು. ಶನಿವಾರ ಬೆಳಿಗ್ಗೆ ಸದರಿಯವರಿಗೆ ಬುದ್ಧಿ ಬಂದಿತು. ಆದಕಾರಣ ಈ ಕೆಳಕಂಡಂತೆ ವಿಧಿಸಲಾಗಿದೆ.

1. ಪ್ರಸಂಗದ ಉದ್ದೇಶವು ಕೇಳಿಸಿಕೊಳ್ಳುವುದಕ್ಕೆ ಸೀಮಿತವಾಗಿರತಕ್ಕದ್ದು. ಪಾಲಿಸುವುದು ಸಮಿತಿಯ ಪೂರ್ವಾನುಮತಿಗೆ ಒಳಪಟ್ಟಿದೆ.

2. ಪ್ರಸಂಗವು ನಲವತ್ತು ನಿಮಿಷಕ್ಕೆ ಕಡಿಮೆ ಇರತಕ್ಕದ್ದಲ್ಲ. ಬೇಗ ಮುಗಿದಲ್ಲಿ ಅರ್ಥವಾಗುವ ಅಪಾಯವನ್ನು ಗಮನಿಸಲಾಗಿದೆ.

3. ಬೈಬಲಿನ ಕಾಲದ ಫರಿಸಾಯರನ್ನು ಎಷ್ಟು ಬೇಕಾದರೂ ಬೈಯಬಹುದು; ಅವರಾರೂ ನಮ್ಮ ಸದಸ್ಯರಲ್ಲ. ಮಸ್ಕತ್ ವ್ಯಾಪ್ತಿಯಲ್ಲಿ ಚಾಲ್ತಿಯಲ್ಲಿರುವ ಪಾಪಗಳನ್ನು ಹೆಸರಿಸುವಂತಿಲ್ಲ.

4. ಪ್ರಸಂಗಿಗಳು ಸಭಿಕರ ಮುಖ ನೋಡದೆ, ಹಿಂಬದಿಯ ಗೋಡೆಯ ಗಡಿಯಾರವನ್ನು ನೋಡಿ ಮಾತನಾಡತಕ್ಕದ್ದು. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರ ಕಡೆ ದೃಷ್ಟಿ ಹಾಯ್ದಲ್ಲಿ ಅದನ್ನು ಆಪಾದನೆಯೆಂದೇ ಪರಿಗಣಿಸಲಾಗುವುದು.

5. ಸಭಿಕರ ಕಣ್ಣೀರನ್ನು ಏಸಿಯ ಧೂಳು ಎಂದು ದಾಖಲಿಸಿಕೊಳ್ಳಲಾಗುವುದು.

6. ಪಶ್ಚಾತ್ತಾಪ ಉಂಟಾದವರು ಮೂರು ದಿನ ಕಾಯತಕ್ಕದ್ದು. ಆ ಬಳಿಕವೂ ಉಳಿದಿದ್ದಲ್ಲಿ, ಪತ್ನಿಯ ಸಹಿಯೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು.

7. ಪ್ರಸಂಗದ ಅಮಲಿನಲ್ಲಿ ಕೊಡಲಾದ ಪಾಸ್‌ಪೋರ್ಟನ್ನು ಪಡೆದವರು ಏಳು ದಿನಗಳೊಳಗೆ ಮೂಲ ಕಪಾಟಿಗೆ ಹಿಂತಿರುಗಿಸತಕ್ಕದ್ದು.

8. ಶ್ರೀ ಫ್ರೆಡ್ಡಿಯವರ ಸೇವೆಯನ್ನು ಮುಂದಿನ ಆದೇಶದವರೆಗೆ ಮೈಕ್ ರಿಪೇರಿಗೆ ಮಾತ್ರ ಬಳಸಿಕೊಳ್ಳಲಾಗುವುದು. ರಿಪೇರಿಯಾದ ಮೈಕನ್ನು ಅವರು ಪರೀಕ್ಷಿಸುವಂತಿಲ್ಲ.

ಸಹಿ/-
ಅವಿಲ್
ಕಾರ್ಯದರ್ಶಿ

ಪ್ರತಿಗಳು:

1. ಸಭಾಪಾಲಕರಿಗೆ, ಗಂಟಲು ಶೀಘ್ರ ವಾಸಿಯಾಗಲೆಂಬ ಪ್ರಾರ್ಥನೆಯೊಂದಿಗೆ.

2. ಶ್ರೀ ಫ್ರೆಡ್ಡಿ, ವಾದಿ ಕಬೀರ್. (ಓದಿ ನಕ್ಕಿರುವುದಾಗಿ ವರದಿಯಾಗಿದೆ.)

3. ಇಬ್ರಾ ಪಟ್ಟಣದಿಂದ ಬರುವ ಇಬ್ಬರು ಸಭಾಹಿರಿಯರಿಗೆ, ಕಪಾಟಿನ ಬೀಗವನ್ನು ಪರಿಶೀಲಿಸಿಕೊಳ್ಳುವ ಸೂಚನೆಯೊಂದಿಗೆ.

4. ಕುಮಾರಿ ಜೋಸ್ಲಿನ್ ಅವರಿಗೆ, ಕಲಂ 7ರಂತೆ ತುರ್ತು ಕ್ರಮಕ್ಕಾಗಿ. (ಸೋಮವಾರವೇ ಮಂಗಳೂರಿಗೆ ತಲುಪಿ ತಾಯಿಯ ಬಳಿ ಇರುವುದರಿಂದ ಜಾರಿಯಾಗದೆ ಹಿಂತಿರುಗಿದೆ.)