ಮೊದಲು ಹೆಣ್ಣು, ಆಮೇಲೆ ಗಂಡು

ಎಲ್ಲ ಅನಾಹುತಕ್ಕೂ ಮೂಲ ಒಂದು ಗಂಡು ಜಿಂಕೆ. ಅದು ಶರತ್ಕಾಲದ ಒಂದು ಬೆಳಿಗ್ಗೆ ನಾರ್ಬರ್ಟ್ ಹಲುಸ್ಕನ ಹಿತ್ತಲಿಗೆ ನುಗ್ಗಿ, ಅವನ ಹೆಂಡತಿ ಮಾರ್ಲೀನ್ ನೆಟ್ಟಿದ್ದ ಹೂಗಿಡಗಳನ್ನೆಲ್ಲ ಬುಡಸಮೇತ ಮೇಯ್ದು, ತಲೆಯೆತ್ತಿ ಅಡುಗೆಮನೆಯ ಕಿಟಕಿಯಲ್ಲಿ ಅವನನ್ನೇ ನೋಡಿತು. ತಲೆಯ ಮೇಲೆ ಏನು ಕೊಂಬು ಅಂತೀರಿ! ಒಂದು ಸಂಸಾರದ ಬಟ್ಟೆ ಒಣಗಹಾಕಬಹುದಿತ್ತು. ನಾರ್ಬರ್ಟ್ ಕಾಫಿ ಕುಡಿಯುವುದನ್ನೂ ಮರೆತ.

ನೋಡಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬಂದ ಭಾವಮೈದ ಚೆಸ್ಟರ್, ಟರ್ಕಿಕೋಳಿಯ ಕಾಲು ಕಡಿಯುತ್ತಾ ಗೋಡೆ ಕಡೆ ಕೈ ತೋರಿಸಿದ.

"ಏನ್ ಭಾವ, ಗೋಡೆ ಇನ್ನೂ ಬೋಳು? ನಮ್ಮನೇಲಿ ಗೋಡೆಗೆ ತಗಲಿಸೋ ಹಳೇ ಜಿಂಕೆ ತಲೆ ಒಂದು ಬಿದ್ದಿದೆ. ಹುಳ ಹೊಡೆದು ಒಂದು ಕಿವಿ ಹೋಗಿದೆ ಅಷ್ಟೆ. ಇವಳು ಹೊರಗೆ ಎಸೀರಿ ಅಂತಿದಾಳೆ. ನಿಮಗೆ ತಂದ್ಕೊಡ್ಲಾ?"

ಇಡೀ ಮೇಜು ನಕ್ಕಿತು. ಅತ್ತೆಯಂತೂ ಕರವಸ್ತ್ರ ಹುಡುಕಿಕೊಂಡು ಕಣ್ಣೊರೆಸಿಕೊಂಡರು. ನಾರ್ಬರ್ಟನಿಗೆ ಮೈಯೆಲ್ಲ ಉರಿದುಹೋಯಿತು.

"ಬೇಟೆ ಕಾಲ ಮುಗಿಯೋದ್ರೊಳಗೆ ಆ ಗೋಡೆ ಮೇಲೆ ನಾನು ಹೊಡೆದ ಕೊಂಬೇ ಇರುತ್ತೆ. ಇಲ್ದಿದ್ರೆ ನಿನ್ನ ಹುಳುಕು ತಲೆ ತಗೊಂಬಾ, ನಾನೇ ನಿಂತು ಮೊಳೆ ಹೊಡೀತೀನಿ!"

ಮಾತು ಜಾರಿತು. ನಾರ್ಬರ್ಟ್ ಪೇಟೆಯ ಅಂಗಡಿಯಲ್ಲಿ ನಲ್ಲಿ, ಕೊಳವೆ ಮಾರುವವನು. ಬಿಲ್ಲು ಹಿಡಿದದ್ದು ಈಚೆಗೆ. ಅದರ ಮೇಲೆ ಅವನಿದ್ದ ಫಾಕ್ಸ್‌ಬರ್ನ್ ಬಡಾವಣೆಯ ನಿಯಮಗಳು. ಮನೆಗಳ ನಡುವೆ ಬಂದೂಕು ಕೂಡದು, ಬಿಲ್ಲೇ ಆಗಬೇಕು. ನೆಲದ ಮೇಲೆ ನಿಂತು ಬಾಣ ಬಿಡಕೂಡದು, ಮರದ ಅಟ್ಟಣೆ ಹತ್ತಿ ಕೆಳಮುಖವಾಗಿ ಬಿಡಬೇಕು. ಹೊಡೆದ ಜಿಂಕೆ ಬೇರೆಯವರ ಹಿತ್ತಲಲ್ಲಿ ಬಿದ್ದರೆ ಅವರು ಒಪ್ಪದೆ ಮುಟ್ಟಕೂಡದು. ಎಲ್ಲಕ್ಕಿಂತ ದೊಡ್ಡದು, ಮೊದಲು ಒಂದು ಹೆಣ್ಣು ಹೊಡೆಯಬೇಕು. ಆಮೇಲೆಯೇ ಗಂಡಿನ ಮೇಲೆ ಬಾಣ. ಊರಿಗೆ ಬೇಕಿದ್ದದ್ದು ಜಿಂಕೆಗಳ ಸಂತಾನ ತಗ್ಗುವುದು, ನಾರ್ಬರ್ಟನ ಗೋಡೆಯ ಸಿಂಗಾರವಲ್ಲ.

ವರ್ಷವಿಡೀ ಬೀದಿ ದನಗಳ ಹಾಗೆ ಅಂಗಳದಲ್ಲಿ ಮಲಗುತ್ತಿದ್ದ ಹೆಣ್ಣು ಜಿಂಕೆಗಳು ಇವನು ಬಿಲ್ಲು ಹಿಡಿದ ದಿನದಿಂದ ನಾಪತ್ತೆ. ಗಂಡು ಮಾತ್ರ ದಿನಾ ಬರುತ್ತಿತ್ತು. ಅಟ್ಟಣೆಯ ಕೆಳಗೇ ನಿಂತು ಮೈ ಕೆರೆದುಕೊಂಡು, ಕೊಂಬು ತೋರಿಸಿ, ಹೋಗುತ್ತಿತ್ತು. ಹೊಡೆಯುವಂತಿಲ್ಲ. ನಾರ್ಬರ್ಟ್ ಹಲ್ಲು ಕಡಿಯುತ್ತಾ ಕೂತಿರುತ್ತಿದ್ದ.

ಹೀಗೇ ಜನವರಿ ಕೊನೆಯಾಯಿತು. ಬೇಟೆಯ ಕಡೆಯ ದಿನ ಶನಿವಾರ.

"ಚೆಸ್ಟರ್ ಸಂಜೆ ಊಟಕ್ಕೆ ಬರ್ತಾನಂತೆ," ಎಂದಳು ಮಾರ್ಲೀನ್, ಅಂದು ಬೆಳಿಗ್ಗೆ ಮೊಟ್ಟೆ ಹುರಿಯುತ್ತಾ. "ಆ ತಲೆ ಗಾಡಿಗೆ ಹಾಕ್ಕೊಂಡೇ ಹೊರಡ್ತಾನಂತೆ."

"ಬರ್ಲಿ ಬಿಡು. ಬೆಳಿಗ್ಗೆ ಹೆಣ್ಣು, ಸಂಜೆ ಗಂಡು. ಮುಗೀತು."

"ಮದುವೆ ದಲ್ಲಾಳಿ ಮಾತಾಡ್ದಂಗಿದೆ. ಟೋಪಿ ಹಾಕ್ಕೊಂಡ್ಹೋಗಿ, ನೆಗಡಿ ಆಗುತ್ತೆ."

ಅಟ್ಟಣೆ ಇದ್ದದ್ದು ಪಕ್ಕದ ಮನೆಯ ಗಸ್ ಪಪಾಡಾಕಿಸ್ ಹಿತ್ತಲಿನ ಓಕ್ ಮರದಲ್ಲಿ. ಗಸ್ ನಿವೃತ್ತ ಕ್ಷೌರಿಕ. ಅವನು ಗೋಣಿತಾಟು ಸುತ್ತಿ ಚಳಿಯಿಂದ ಕಾಪಾಡುತ್ತಿದ್ದ ಅಂಜೂರದ ಗಿಡವನ್ನು ಜಿಂಕೆಗಳು ಗೋಣಿ ಸಮೇತ ತಿಂದಿದ್ದವು. ಅಂದಿನಿಂದ ಗಸ್‌ಗೆ ಜಿಂಕೆ ಕುಲದ ಮೇಲೇ ಹಗೆ. ನಲವತ್ತು ವರ್ಷ ಕತ್ತರಿ ಆಡಿಸುತ್ತಾ ಮಾತಾಡಿದವನಿಗೆ ಬಾಯಿ ಮುಚ್ಚಿಕೊಂಡಿರುವುದು ಮಾತ್ರ ಗೊತ್ತಿರಲಿಲ್ಲ.

"ಲೇ ನಾರ್ಬೀ! ಏನಾದ್ರೂ ಬಂತೇನೋ?" ಎಂದು ಮರದ ಬುಡಕ್ಕೆ ಬಂದು ಕೂಗಿದ.

"ಶ್... ಮೆಲ್ಲಗೆ ಗಸ್, ಕೈ ಮುಗೀತೀನಿ."

"ಸರಿ ಸರಿ. ನಾನಿಲ್ಲಿಲ್ಲ ಅಂದ್ಕೋ. ಕಾಫಿ ತಂದಿದೀನಿ, ಹಗ್ಗ ಇಳಿಸು."

ಹಗ್ಗ ಇಳಿಯಿತು, ಕಾಫಿ ಏರಿತು, ಅರ್ಧ ದಾರಿಯಲ್ಲಿ ಮುಚ್ಚಳ ಬಿಚ್ಚಿ ಗಸ್‌ನ ಬೋಳುತಲೆಯ ಮೇಲೇ ಸುರಿಯಿತು. ಅವನು ಗ್ರೀಕ್ ಭಾಷೆಯಲ್ಲಿ ಏನೇನು ಅಂದನೋ, ಪೊದೆಯಿಂದ ಇಣುಕುತ್ತಿದ್ದ ಎರಡು ಹೆಣ್ಣು ಜಿಂಕೆಗಳು ಬಾಲದ ಬಿಳಿ ತೋರಿಸಿಕೊಂಡು ಓಡಿಹೋದವು.

ಮಧ್ಯಾಹ್ನ ಇನ್ನೊಂದು ಬಂತು. ನಾರ್ಬರ್ಟ್ ಉಸಿರು ಬಿಗಿಹಿಡಿದು ಬಿಲ್ಲು ಎಳೆದ. ಅಷ್ಟರಲ್ಲಿ ಗಸ್, ಜಿಂಕೆಗೆ ನಡೆಯಲು ದಾರಿಯಾಗಲಿ ಎಂಬ ಸದುದ್ದೇಶದಿಂದ, ಹಿಮ ತಳ್ಳುವ ಯಂತ್ರವನ್ನು ಗರ್‍ರೆಂದು ಚಾಲೂ ಮಾಡಿದ. ಜಿಂಕೆ ಇರಲಿ, ಬಡಾವಣೆಯ ಅಳಿಲುಗಳೂ ಊರು ಬಿಟ್ಟವು. ನಾರ್ಬರ್ಟನಿಗೆ ಅಳುವೇ ಬಂತು.

ಮೂರೂವರೆ ದಾಟಿರಬೇಕು. ಚಳಿಗೆ ಗಸ್ ಒಳಗೆ ಹೋಗಿ ಕುರ್ಚಿಯಲ್ಲಿ ನಿದ್ದೆಹೋಗಿದ್ದ. ಆಗ ಬೇಲಿಯ ಪಕ್ಕದಲ್ಲಿ ಸದ್ದಾಯಿತು. ಒಂದು ಜಿಂಕೆ, ಒಂಟಿ, ದಷ್ಟಪುಷ್ಟ, ತಲೆ ಬೋಳು. ಎಂಥ ಹೆಣ್ಣಪ್ಪಾ ಇದು, ಈ ಗಾತ್ರದ್ದು ಇಷ್ಟು ದಿನ ಎಲ್ಲಿತ್ತು! ಅದು ಸರಿಯಾಗಿ ಕೆಳಗೆ ಬಂದು ಪಕ್ಕೆ ತೋರಿಸಿ ನಿಂತಿತು. ಬಾಣ ಬಿಟ್ಟ. ಜನ್ಮದಲ್ಲಿ ಮೊದಲ ಸಲ ಅವನ ಬಾಣ ಎಲ್ಲಿ ಹೋಗಬೇಕೋ ಅಲ್ಲೇ ಹೋಯಿತು.

ಜಿಂಕೆ ಒಂದೇ ನೆಗೆತಕ್ಕೆ ಬೇಲಿ ಹಾರಿ, ನಾಲ್ಕು ಹೆಜ್ಜೆ ಓಡಿ, ಆಚೆ ಹಿತ್ತಲಲ್ಲಿ ಬಿತ್ತು. ನಾರ್ಬರ್ಟ್ ಸಂತೋಷದಿಂದ ಮುಷ್ಟಿಯೆತ್ತಿದವನು ಹಾಗೇ ತಣ್ಣಗಾದ. ಅದು ಆಗ್ನೆಸ್ ವಿಟ್ಲಾಕ್ ಅವರ ಹಿತ್ತಲು. ಜಿಂಕೆಗಳನ್ನು ಹೆಸರು ಹಿಡಿದು ಕರೆಯುವ, ಈ ಬೇಟೆ ನಿಲ್ಲಿಸಿ ಎಂದು ಊರ ಸಭೆಯಲ್ಲಿ ಪ್ರತಿ ಸಲ ಎದ್ದು ನಿಲ್ಲುವ ಆಗ್ನೆಸ್. ಸಾಲದ್ದಕ್ಕೆ ಮೂರನೇ ಕ್ಲಾಸಿನಲ್ಲಿ ಇವನಿಗೆ ಪಾಠ ಹೇಳಿದವರು.

ಬಾಗಿಲು ತೆರೆದ ಮುದುಕಿ ಕನ್ನಡಕದ ಮೇಲಿಂದ ನೋಡಿದರು. ನಾರ್ಬರ್ಟನ ಕೈ ತಾನಾಗಿ ಟೋಪಿ ತೆಗೆಯಿತು.

"ಮಿಸ್, ನನ್ನ ಜಿಂಕೆ ನಿಮ್ಮ ಹಿತ್ತಲಲ್ಲಿ ಬಿದ್ದಿದೆ. ತಗೊಂಡು ಹೋಗ್ಲಾ?"

"ನಿನ್ನ ಜಿಂಕೆನಾ? ನೀನು ಸಾಕಿದ್ದಾ?"

"ಇಲ್ಲ ಮಿಸ್."

"ಬೂಟು ಒರೆಸ್ಕೋ. ನೆಟ್ಟಗೆ ನಿಂತ್ಕೋ."

ಅಷ್ಟರಲ್ಲಿ ನಿದ್ದೆಯಿಂದೆದ್ದ ಗಸ್ ಬೇಲಿಯ ಮೇಲಿಂದ ಕೂಗಿದ: "ಆಗ್ನೆಸ್ಸಮ್ಮಾ, ಕೊಟ್ಬಿಡಿ! ಬೆಳಕು ಹೋಗ್ತಿದೆ, ಹುಡುಗ ಇನ್ನೂ ಗಂಡು ಹೊಡೀಬೇಕು!"

"ಹುಡುಗನಿಗೆ ಐವತ್ತಾಯ್ತು. ನೀನು ಸುಮ್ನಿರು, ಗಸ್." ಅವರು ಇತ್ತ ತಿರುಗಿದರು. "ತಗೊಂಡು ಹೋಗು. ಆದ್ರೆ ಮೊದಲು ಅದರ ಹತ್ರ ಕೂತು ಕ್ಷಮೆ ಕೇಳು. ಬಾಯಿಬಿಟ್ಟು ಕೇಳಬೇಕು, ನಂಗೆ ಕೇಳಿಸ್ಬೇಕು."

ನಾರ್ಬರ್ಟ್ ಗಡಿಯಾರ ನೋಡಿದ. ಇನ್ನೂ ಹೊತ್ತಿದೆ, ಗಂಡು ಜಿಂಕೆ ಬರುವುದೇ ಈ ವೇಳೆಗೆ. ಲಗುಬಗೆಯಿಂದ ಹೋಗಿ ಹಿಮದಲ್ಲಿ ಮಂಡಿಯೂರಿ ಕೈ ಜೋಡಿಸಿದ.

"ತಾಯಿ, ತಪ್ಪಾಯ್ತು. ಹೆಣ್ಣು ಜೀವಕ್ಕೆ ಬಾಣ ಬಿಟ್ಟೆ. ಮನ್ನಿಸಮ್ಮಾ."

"ಇದೇ ನೋಡು," ಎಂದರು ಆಗ್ನೆಸ್. "ಮೂರನೇ ಕ್ಲಾಸಲ್ಲೂ ಹೀಗೇ, ಪ್ರಶ್ನೆ ಓದೋಕ್ಮುಂಚೆ ಉತ್ತರ ಬರೀತಿದ್ದೆ. ಅಮ್ಮ ಅಲ್ಲ ಕಣೋ ಅದು. ಅವನು ಕರ್ನಲ್."

"ಯಾರು?"

"ಕರ್ನಲ್. ದಿನಾ ನಿನ್ನ ಮರದ ಕೆಳಗೇ ಬರ್ತಿದ್ನಲ್ಲ, ಅಷ್ಟು ದೊಡ್ಡ ಕೊಂಬಿನವನು. ಚಳಿಗಾಲದಲ್ಲಿ ಗಂಡಿನ ಕೊಂಬು ಪ್ರತಿ ವರ್ಷ ಉದುರುತ್ತೆ, ಇವನದೂ ಉದುರಿಹೋದ್ವು. ನಿನ್ನೆ ಒಂದು ಬಿತ್ತು, ಇವತ್ತು ಬೆಳಿಗ್ಗೆ ಇನ್ನೊಂದು."

ನಾರ್ಬರ್ಟ್ ಜಿಂಕೆಯ ತಲೆಯ ರೋಮ ಸರಿಸಿದ. ಎರಡು ಕೆಂಪು ಗುರುತುಗಳು, ಆಗತಾನೇ ಹಕ್ಕಳೆ ಕಟ್ಟಿದ್ದವು. ಹಿಂಗಾಲು ಎತ್ತಿ ನೋಡಿದ. ಅನುಮಾನವೇ ಉಳಿಯಲಿಲ್ಲ.

"ಕೊಂಬು... ಆ ಕೊಂಬು ಎಲ್ಲಿ ಮಿಸ್?"

"ಗ್ರಂಥಾಲಯಕ್ಕೆ ಕೊಟ್ಟುಬಂದೆ. ಮಕ್ಕಳು ನೋಡ್ಲಿ."

ಆಗ ಬೇಟೆಯ ಲೆಕ್ಕ ನೋಡಿಕೊಳ್ಳುವ ಡೆಲ್ಬರ್ಟ್ ಜೀಪಿನಲ್ಲಿ ಬಂದಿಳಿದ. ಗಸ್ ಉತ್ಸಾಹದಲ್ಲಿ ಆಗಲೇ ಫೋನ್ ಮಾಡಿಬಿಟ್ಟಿದ್ದ. ನಾರ್ಬರ್ಟನಿಗೆ ಇನ್ನೊಂದು ಭಯ ಹೊಕ್ಕಿತು: ಹೆಣ್ಣಿಗೂ ಮುಂಚೆ ಗಂಡು ಹೊಡೆದಾಯ್ತಲ್ಲ, ಬಿಲ್ಲೂ ಹೋಯ್ತು, ಪರವಾನಗಿಯೂ ಹೋಯ್ತು.

ಡೆಲ್ಬರ್ಟ್ ಬಗ್ಗಿ ನೋಡಿದ, ತಲೆ ಸವರಿದ, ಯೋಚಿಸಿದ. ಬೀದಿಯ ತುದಿಯಲ್ಲಿ ಚೆಸ್ಟರ್‌ನ ಗಾಡಿ ತಿರುಗಿತು, ಹಿಂದಿನ ತೊಟ್ಟಿಯಿಂದ ಒಂದೇ ಕಿವಿಯ ಜಿಂಕೆ ತಲೆ ಇಣುಕುತ್ತಿತ್ತು.

"ಯಾಕ್ರೀ ಹಂಗೆ ಮುಖ ಬಾಡಿಸ್ಕೊಂಡಿದೀರ?" ಎಂದ ಡೆಲ್ಬರ್ಟ್, ನಾರ್ಬರ್ಟನ ಕೈ ಹಿಡಿದು ಜೋರಾಗಿ ಕುಲುಕುತ್ತಾ. "ಏನೂ ತೊಂದ್ರೆ ಇಲ್ಲ. ಕೊಂಬಿಲ್ದಿದ್ರೆ ನಿಯಮದ ಪ್ರಕಾರ ಅದು ಹೆಣ್ಣೇ. ನಿಮ್ಮ ಹೆಣ್ಣಿನ ಲೆಕ್ಕ ಮುಗೀತು! ಇನ್ನೂ ಸ್ವಲ್ಪ ಬೆಳಕಿದೆ, ಬೇಗ ಮರ ಹತ್ತಿ. ಆ ದೊಡ್ಡ ಕೊಂಬಿನವನು ದಿನಾ ಇದೇ ಹೊತ್ತಿಗೆ ಬರ್ತಾನಂತಲ್ಲ, ಈಗ ಧಾರಾಳವಾಗಿ ಹೊಡೀರಿ!"