ಮಾವನ ಎಡ ಪೆಡಲು

ನನ್ನ ಸೋದರಮಾವನಿಗೆ ತನ್ನ ಮೊಣಕಾಲಿಗಿಂತ ಸೈಕಲ್ಲಿನ ಪೆಡಲೇ ಹೆಚ್ಚು! ಇದು ನಾನು ಸುಮ್ಮನೆ ಹೊರಿಸುತ್ತಿರುವ ಅಪವಾದವಲ್ಲ. ನಂಬದಿದ್ದರೆ ಮಣಿಪಾಲದ ಒಬ್ಬ ಮೂಳೆ ಡಾಕ್ಟರನ್ನು ಕೇಳಿ. ಮಾವ ಅವರ ಮೇಜಿನ ಮೇಲೆ, ಎಕ್ಸ್‌ರೇ ಪಕ್ಕದಲ್ಲೇ, ಎಣ್ಣೆ ಸೋರುವ ಪೆಡಲೊಂದನ್ನು ಇಟ್ಟದ್ದನ್ನು ಅವರು ಈ ಜನ್ಮದಲ್ಲಿ ಮರೆಯಲಾರರು.

ಆದರೆ ಕಥೆ ಶುರುವಾಗುವುದು ಅಲ್ಲಿಂದಲ್ಲ. ನನ್ನ ನೆನಪಿಗೆ ಒಂದು ಕೆಟ್ಟ ಚಾಳಿಯಿದೆ. ನಗು ಬರುವುದನ್ನು ಮುಂದೆ ತಂದು ಕೂರಿಸುತ್ತದೆ, ಉಳಿದದ್ದನ್ನು ತನಗೆ ಬೇಕಾದಂತೆ ಹೊಲಿದುಕೊಳ್ಳುತ್ತದೆ. ಆದ್ದರಿಂದ ಯಾರೂ ತಕರಾರು ಮಾಡದ ಸಂಗತಿಯಿಂದ ಹೊರಡುತ್ತೇನೆ.

ಮಾವನ ಮನೆ ಇರುವುದು ಕೆಮ್ಮಣ್ಣು ಎಂಬ ಊರಿನಲ್ಲಿ. ಮನೆಯಲ್ಲಿ ಮೂವರು: ಮಾವ, ಅತ್ತೆ ಮತ್ತು ಸೈಕಲ್. ಯಜಮಾನಿಕೆ ಯಾರದ್ದೆಂದು ಇನ್ನೂ ತೀರ್ಮಾನವಾಗಿಲ್ಲ. ಅತ್ತೆಗೆ ಬಸ್ಸು ಆಗುವುದಿಲ್ಲ. ಹತ್ತಿ ಕುಳಿತು ಕಂಡಕ್ಟರ್ ಸೀಟಿ ಊದುವಷ್ಟರಲ್ಲಿ ಅವರ ಹೊಟ್ಟೆ ತೊಳಸತೊಡಗುತ್ತದೆ. ರಿಕ್ಷಾ, ಕಾರು ಎಲ್ಲಕ್ಕೂ ಅದೇ ಗತಿ. ಜಗತ್ತಿನಲ್ಲಿ ಅವರಿಗೆ ಒಗ್ಗುವ ವಾಹನ ಒಂದೇ, ಮಾವನ ಸೈಕಲ್ಲಿನ ಕ್ಯಾರಿಯರ್. ಅದಕ್ಕೆ ಹಳೆಯ ಸೀರೆ ಸುತ್ತಿದ ದಿಂಬು ಕಟ್ಟಿ, ಒಂದು ಬದಿಗೆ ಕಾಲು ಇಳಿಬಿಟ್ಟು ಕೂತರೆಂದರೆ ಆದಿ ಉಡುಪಿಯ ಸಂತೆಯವರೆಗೆ ಮಹಾರಾಣಿ! ತರಕಾರಿ ಕೊಳ್ಳುವುದು ನೆಪ ಮಾತ್ರ. ಅತ್ತೆ ಊರು ನೋಡುವುದು, ಊರು ಅತ್ತೆಯನ್ನು ನೋಡುವುದು ವಾರದಲ್ಲಿ ಅದೊಂದೇ ದಿನ.

ಒಮ್ಮೆ ದೂರದ ಕಾಪುವಿನಲ್ಲಿ ನಡೆದ ಮದುವೆಗೂ ಇಬ್ಬರೂ ಹೀಗೆಯೇ ಬಂದಿದ್ದರು. ಮುಹೂರ್ತಕ್ಕೆಂದು ಹೊರಟವರು ಪಾಯಸಕ್ಕೆ ಮುಟ್ಟಿದರು. ಜರಿಸೀರೆಯ ಅತ್ತೆ ಕೊಡೆ ಬಿಡಿಸಿಕೊಂಡು ಕ್ಯಾರಿಯರಿನಿಂದ ಇಳಿದ ದೃಶ್ಯ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ಮಾವ ಹೇಳುತ್ತಾರೆ, “ಎಂತ ಕೊಡೆ ಮಾರಾಯ್ತಿ? ಕೊಡೆ ಬಿಡಿಸಿದ್ರೆ ಗಾಳಿಗೆ ತುಳೀಲಿಕ್ಕೆ ಆಗ್ತದಾ?” ಸರಿಯಾದ ಮಾತೇ. ಹಾಗಾದರೆ ನನ್ನ ಕಣ್ಣಿಗೆ ಕಟ್ಟಿರುವ ಆ ಕೊಡೆ ಯಾರದ್ದು? ಗೊತ್ತಿಲ್ಲ.

ಇನ್ನು ಪೆಡಲಿನ ವಿಚಾರ. ಎರಡರ ರಬ್ಬರೂ ಸವೆದು ಯಾವ ಕಾಲವಾಯಿತೋ! ಒಳಗಿನ ಬೇರಿಂಗ್ ಕೂಡ ಸವೆದು, ಪ್ರತಿ ಸುತ್ತಿಗೂ “ಕಿರ್... ಕಟ್” ಎನ್ನುತ್ತಿತ್ತು. ಮಾವ ತಿಂಗಳಿಗೊಮ್ಮೆ ಅಂಗಳದಲ್ಲಿ ಪತ್ರಿಕೆ ಹಾಸಿ, ಪೆಡಲು ಬಿಚ್ಚಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ಮೀಯಿಸಿ, ಒರೆಸಿ, ಗ್ರೀಸ್ ಹಚ್ಚಿ ಮಲಗಿಸುತ್ತಿದ್ದರು. ಬಾಣಂತನ ಅಂದರೆ ಬಾಣಂತನ! ಮರುದಿನ ಮತ್ತೆ “ಕಿರ್... ಕಟ್.”

“ಹೊಸತು ಹಾಕಬಾರದಾ ಮಾವ?”

“ಹೊಸತು ಹಾಕುದು ಯಾರಿಗೂ ಬರ್ತದೆ. ಸರ್ವಿಸ್ ಮಾಡ್ಲಿಕ್ಕೆ ಬರಬೇಕು.”

ಅವರು ಜಿಪುಣರೆಂದೇ ನಾನು ಭಾವಿಸಿದೆ. ಒಂದು ಭಾನುವಾರ ಹೊಸ ಪೆಡಲಿನ ಜೋಡಿಯೊಂದನ್ನು ತೆಗೆದುಕೊಂಡು ಹೋಗಿ, ಮಾವ ಊಟ ಮಾಡಿ ಅಡ್ಡಾದಾಗ ಸ್ಪ್ಯಾನರ್ ಹಿಡಿದು ಎಡ ಪೆಡಲಿಗೆ ಕೈ ಹಾಕಿದೆ. ತಿರುಗಿಸಿದೆ. ಕೂತು ತಿರುಗಿಸಿದೆ, ನಿಂತು ತಿರುಗಿಸಿದೆ. ಕೊನೆಗೆ ಸ್ಪ್ಯಾನರಿನ ಮೇಲೆ ಹತ್ತಿಯೇ ನಿಂತೆ! ಅದು ಜಗ್ಗಲಿಲ್ಲ. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ, ಮನೆಯ ಮುಂದಿನ ಚಾವಡಿಯಿಂದ ಮಾವನ ಸ್ವರ ಬಂತು:

“ಎಡದ್ದು ಉಲ್ಟಾ ತಿರುಗುವುದು. ನೀನು ಇಷ್ಟು ಹೊತ್ತು ಬಿಗಿ ಮಾಡಿದ್ದು. ಒಳ್ಳೇದಾಯ್ತು, ಇನ್ನು ಅದನ್ನು ಕಳ್ಳರೂ ಕದೀಲಿಕ್ಕಿಲ್ಲ!”

ಹೊಸ ಜೋಡಿ ಪೆಟ್ಟಿಗೆ ಸಮೇತ ಅಟ್ಟ ಸೇರಿತು.

ಅದೇ ಮಳೆಗಾಲದಲ್ಲಿ ಮಾವನ ಎಡ ಮೊಣಕಾಲು ಕೂಡ “ಕಿರ್... ಕಟ್” ಎನ್ನತೊಡಗಿತು. ಅಥವಾ ಅದು ಮೊದಲೇ ಅನ್ನುತ್ತಿದ್ದು, ಪೆಡಲಿನ ಗಲಾಟೆಯಲ್ಲಿ ನಮಗೆ ಕೇಳಿಸಿರಲಿಲ್ಲವೋ? ಹೊಸಿಲು ದಾಟಲು ಗೋಡೆ ಹಿಡಿಯತೊಡಗಿದಾಗ ಅವರನ್ನು ಮಣಿಪಾಲಕ್ಕೆ ಹೊರಡಿಸಿದೆ. ಮನೆಯಿಂದ ಹೊರಡುವಾಗ ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು. ಹಣ್ಣಿರಬಹುದು ಎಂದುಕೊಂಡೆ. ಡಾಕ್ಟರು ಎಕ್ಸ್‌ರೇ ನೋಡಿ, “ಪೂರ್ತಿ ಸವೆದಿದೆ, ಬದಲಾಯಿಸಬೇಕು” ಅಂದದ್ದೇ ತಡ, ಚೀಲದಿಂದ ಪೆಡಲು ಹೊರಬಂತು!

“ಇದೂ ಪೂರ್ತಿ ಸವೆದದ್ದೇ ಡಾಕ್ಟ್ರೇ. ಸರ್ವಿಸ್ ಮಾಡಿ ಓಡಿಸ್ತಾ ಇದ್ದೇನೆ. ಕಾಲಿಗೆ ಹಾಗೆ ಎಂತದೂ ಇಲ್ವಾ?”

ಡಾಕ್ಟರು ಚಿಕ್ಕ ಪ್ರಾಯದವರು, ನಗು ತಡೆದುಕೊಂಡರು. “ಗ್ರೀಸ್ ಹಚ್ಚುವ ಹಂತ ದಾಟಿದೆ.”

“ಹೊಸತು ಜೋಡಿಯಲ್ಲೇ ತಕ್ಕೊಳ್ಬೇಕಾ, ಒಂದೇ ಹಾಕ್ತೀರಾ?”

“ಎಡದ್ದು ಒಂದೇ ಸಾಕು.”

“ತೆಗೆದ ಹಳೆಯದನ್ನು ನನಗೆ ಕೊಡಬೇಕು. ಕೊಡದಿದ್ರೆ ನೀವು ಹೊಸತು ಹಾಕಿದ್ದು ನನಗೆ ಗೊತ್ತಾಗುದು ಹೇಗೆ?”

ಇದು ಗ್ಯಾರೇಜಿನ ಕ್ರಮ. ಸಾಮಾನು ಬದಲಾಯಿಸಿದರೆ ಹಳೆಯದನ್ನು ಗಿರಾಕಿಯ ಕೈಗೆ ಕೊಡಬೇಕು. ಬಾಗಿಲ ಬಳಿ ನಿಂತಿದ್ದ ನರ್ಸ್ ಹೊರಗೆ ಓಡಿದಳು. ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಆಗ ಮಾವ ಸ್ವರ ತಗ್ಗಿಸಿದರು.

“ಇನ್ನೊಂದು ಉಂಟು. ಆಪರೇಶನ್ ಆದ ಮೇಲೆ ಸೈಕಲ್ ತುಳೀಬಹುದಾ?”

“ಖಂಡಿತ. ಕಾಲಿಗೆ ಅದು ಒಳ್ಳೆಯ ವ್ಯಾಯಾಮ.”

“ಹಿಂದೆ ಒಬ್ಬರನ್ನು ಕೂರಿಸಿಕೊಂಡು?”

“ಅದು ಬೇಡ. ನಿಮ್ಮ ಪ್ರಾಯಕ್ಕೆ ರಸ್ತೆಯಲ್ಲಿ ಭಾರ ಹಾಕಿಕೊಂಡು ತುಳಿಯುವುದು ಬೇಡ.”

ಮಾವ ಪೆಡಲನ್ನು ಚೀಲಕ್ಕೆ ಹಾಕಿದರು. “ಹಾಗಾದ್ರೆ ಸರ್ವಿಸ್‌ನಲ್ಲೇ ಓಡಿಸ್ತೇನೆ” ಎಂದು ಎದ್ದರು. ಕುಂಟುತ್ತ ಹೊರಟ ಅವರ ಹಿಂದೆ ನಡೆಯುವಾಗ ನನಗೆ ನಗು ಬರಲಿಲ್ಲ. ಅವರು ಇಷ್ಟು ಕಾಲ ಸರ್ವಿಸ್ ಮಾಡುತ್ತಿದ್ದದ್ದು ಪೆಡಲನ್ನೇ ಆಗಿತ್ತೇ?

ವಿಷಯ ತಿಳಿದ ಅತ್ತೆ ಅತ್ತರು ಎಂದು ನಾನು ಬರೆದರೆ ಚೆನ್ನಾಗಿರುತ್ತದೆ, ಆದರೆ ಅವರು ಅಳಲಿಲ್ಲ. ಬೈದರು.

“ನಾನು ಸಂತೆಗೆ ಹೋಗದಿದ್ರೆ ಸಂತೆ ನಿಲ್ತದಾ? ನೀವು ನಡೀದಿದ್ರೆ ಈ ಮನೆ ನಿಲ್ತದೆ! ನಾಳೆಯೇ ಹೋಗಿ ಕಾಲು ಕೊಟ್ಟು ಬನ್ನಿ.”

“ನೀನು ಬಸ್ಸಿನಲ್ಲಿ ಹೋಗ್ಲಿಕ್ಕೆ ಉಂಟಾ?”

“ಮನೆಯಲ್ಲಿ ಕೂತ್ಕೊಳ್ತೇನೆ.”

“ಅದೇ ಆಗುದಿಲ್ಲ ಅಂತ ನಾನು ಹೇಳುದು.”

ಕೊನೆಗೆ ಅತ್ತೆಯೇ ಗೆದ್ದರು. ಆಪರೇಶನ್ ಆಯಿತು. ಹಳೆಯ ಮೊಣಕಾಲು ಮಾತ್ರ ಸಿಗಲಿಲ್ಲ, ಆ ಬಗ್ಗೆ ಮಾವನ ಅಸಮಾಧಾನ ಈಗಲೂ ಉಂಟು. ಮನೆಗೆ ಮರಳಿದ ಮಾವ ಅಟ್ಟದಿಂದ ಪೆಡಲಿನ ಪೆಟ್ಟಿಗೆ ಇಳಿಸಲು ನನಗೆ ಅಪ್ಪಣೆ ಮಾಡಿದರು. “ಎಡಕ್ಕೆ ಹೊಸತು ಹಾಕು. ಬಲದ್ದು ಇರಲಿ. ಕಾಲಿಗೆ ಹೇಗೋ ಹಾಗೆಯೇ ಪೆಡಲಿಗೆ.” ಈ ಸಲ ನಾನು ಉಲ್ಟಾ ತಿರುಗಿಸಿದೆ. ಆದರೆ ಸೈಕಲ್ ಗೋಡೆಗೆ ಒರಗಿಯೇ ಇತ್ತು. ಅತ್ತೆಯನ್ನು ಬಿಟ್ಟು ಒಬ್ಬರೇ ಗೇಟು ದಾಟಲು ಮಾವನಿಗೆ ಮನಸ್ಸಾಗಲಿಲ್ಲ. ಸಂತೆಯ ದಿನ ಬಂದರೆ ಇಬ್ಬರೂ ಚಾವಡಿಯಲ್ಲೇ ಕೂತಿರುತ್ತಿದ್ದರಂತೆ.

ಕೆಲವು ವಾರಗಳ ನಂತರ ಒಂದು ಸಂಜೆ ಹೋದೆ. ಗೇಟು ತೆರೆಯುವಾಗಲೇ “ಕಿರ್... ಕಟ್” ಕೇಳಿಸಿತು. ಅಂಗಳದ ನಡುವೆ ಸೈಕಲ್ ಸ್ಟ್ಯಾಂಡ್ ಹಾಕಿ ನಿಂತಿತ್ತು. ಹಿಂದಿನ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತಿತ್ತು. ಸೀಟಿನ ಮೇಲೆ ಮಾವ, ಬೆವರು ಒರೆಸಿಕೊಳ್ಳುತ್ತ ಒಂದೇ ಸಮನೆ ತುಳಿಯುತ್ತಿದ್ದರು. ಹಿಂದೆ ಕ್ಯಾರಿಯರಿನಲ್ಲಿ, ದಿಂಬಿನ ಮೇಲೆ, ಸಂತೆಗೆ ಹೋಗುವಾಗ ಉಡುವ ಸೀರೆಯನ್ನೇ ಉಟ್ಟು, ಮಡಿಲಲ್ಲಿ ಚೀಲ ಇಟ್ಟುಕೊಂಡು ಅತ್ತೆ!

“ಇದೆಂತ ಮಾವ?”

“ವ್ಯಾಯಾಮ. ಡಾಕ್ಟ್ರು ರಸ್ತೆಯಲ್ಲಿ ಬೇಡ ಅಂದದ್ದು ಅಲ್ವಾ? ಅಂಗಳದಲ್ಲಿ ಬೇಡ ಅಂತ ಹೇಳ್ಲಿಲ್ಲ.”

“ಎಲ್ಲಿಗೆ ಹೊರಟದ್ದು?”

“ಆದಿ ಉಡುಪಿಗೆ. ಅರ್ಧ ದಾರಿ ಆಯ್ತು, ಈಗ ಸಂತೆಕಟ್ಟೆ ದಾಟಿತು” ಅಂದರು ಅತ್ತೆ, ತೆಂಗಿನ ಮರಗಳ ಕಡೆ ಕಣ್ಣಿಟ್ಟು.

“ಆ ಬಲದ್ದಕ್ಕೂ ಹೊಸತು ಹಾಕಿಬಿಡಲಾ ಅತ್ತೆ? ಎಂಥ ಶಬ್ದ!”

“ಬೇಡ ಮಾರಾಯ್ತಿ. ಅದೂ ಇಲ್ಲದಿದ್ರೆ ನಾವು ಮುಂದೆ ಹೋಗ್ತಾ ಇದ್ದೇವೆ ಅಂತ ನನಗೆ ಗೊತ್ತಾಗುದು ಹೇಗೆ?”

ಮಾವ ಟ್ರಿಣ್ ಟ್ರಿಣ್ ಎಂದು ಬೆಲ್ ಹೊಡೆದರು. “ರಸ್ತೆ ನಡುವೆ ನಿಂತು ಎಂತ ಮಾತು? ಕತ್ತಲಾಗುವುದರೊಳಗೆ ಮುಟ್ಟಬೇಕು ನಮಗೆ!”

ನಾನು ಬದಿಗೆ ಸರಿದು ದಾರಿ ಬಿಟ್ಟೆ.