ಬಾನೆಟ್ಟಿನ ಮೇಲಿನ ಕುಂಕುಮ

ಇಳಕಲ್ಲಿನಲ್ಲಿ ಕಾರು ತೊಳೆದು ಪಾಲಿಶ್ ಹಾಕುವ ಅಂಗಡಿ ಇಟ್ಟವನಿಗೆ ನಗುವಿನ ಬರ ಬರುವುದಿಲ್ಲ. ಒಬ್ಬರೇ ಗಿರಾಕಿ ಸಾಕು. ನನಗೆ ಸಿಕ್ಕವರು ಬಸ್ ಡ್ರೈವರ್ ಆಗಿ ನಿವೃತ್ತರಾದ ಒಬ್ಬ ಕಾಕಾ. ಅವರದು ಬಿಳಿ ಕಾರು, ಸೆಕೆಂಡ್ ಹ್ಯಾಂಡ್.

೧

ಪುಣೆಯಿಂದ ಕಾರು ತೊಳೆಯುವ ಹೊಸ ಔಷಧ ತರಿಸಿದ್ದೆ. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಬೆರೆಸಿ, ಬಟ್ಟೆ ಅದ್ದಿ ಒರೆಸಿದರೆ ಮುಗಿಯಿತು. ಮತ್ತೆ ನೀರು ಹೊಯ್ಯುವ ಕೆಲಸವಿಲ್ಲ.

ಕಾಕಾ ನನ್ನನ್ನೇ ದುರುಗುಟ್ಟಿ ನೋಡಿದರು. "ಮೈಗೆ ಸಾಬಾಣ ಹಚ್ಕೊಂಡು ಹಂಗ ಅರಿವಿ ಹಾಕ್ಕೊಂಡು ಹೋಗ್ತಿಯೇನ್ಲೇ ನೀ?"

ನಾನು ಬಿಡಿಸಿ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿದರು. ಆಮೇಲೆ ತಮ್ಮ ಕುಡಿಯುವ ನೀರಿನ ಬಾಟಲಿಯನ್ನು ಕಾರಿನ ನೆತ್ತಿಗೆ ಸುರಿದು, "ಈಗ ಜಳಕ ಆತು ನೋಡು" ಅಂದರು.

೨

ಬಾನೆಟ್ಟಿನ ಮೇಲೊಂದು ಗುಲಾಬಿ ಕಲೆ ಇತ್ತು. ಗಾಡಿ ಪೂಜೆಯ ದಿನದ ಹಸಿ ಕುಂಕುಮ ಬಿಳಿ ಬಣ್ಣಕ್ಕೆ ಹಿಡಿದುಬಿಟ್ಟಿತ್ತು. ಪಾಲಿಶ್ ಹಚ್ಚಿ ತಿಕ್ಕಲು ಹೋದರೆ ಕಾಕಾ ನನ್ನ ಕೈ ಹಿಡಿದರು.

"ನಮ್ಮ ಮನಿಯಾಕಿ ಹಚ್ಚಿದ್ದದು, ತಗೀಬ್ಯಾಡ. ಮ್ಯಾಲ ಏನರ ಹಚ್ಚಿ ಉಳಸು. ಆಕಿ ಒಂದಿನಾನೂ ಇದರಾಗ ಕುಂತಿಲ್ಲೋ." ಕಣ್ಣಲ್ಲಿ ನೀರಾಡಿತು.

ಕಲೆಯ ಮೇಲೆ ಬಣ್ಣ ಕಾಯುವ ಸೀಲಂಟ್ ಹಚ್ಚಿ, ಒಣಗಲು ಬಿಟ್ಟು, ಅದರ ಮೇಲೆ ಮೇಣ ಬಳಿದೆ. ತೀರಿಹೋದ ಹೆಂಡತಿಯ ಮೇಲೆ ಇಷ್ಟು ಪ್ರೀತಿ ಇಟ್ಟವರನ್ನು ನಾನು ಕಂಡಿರಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಈ ಕತೆ ಹೇಳಿದೆ. ಒಬ್ಬ ಸೀರೆ ವ್ಯಾಪಾರಿಯಂತೂ ಕಣ್ಣೊರೆಸಿಕೊಂಡು, ಹೆಂಡತಿಗೆ ಅಮೀನಗಡದ ಕರದಂಟು ತರಲು ಹೊರಟೇಬಿಟ್ಟ.

೩

ಮುಂದಿನ ಸಲ ಕಾಕಾ ಕಾರು ತಂದು ನಿಲ್ಲಿಸಿದ್ದರು. ಹಿಂದೆಯೇ ಇಳಕಲ್ ಸೀರೆಯ ಹೆಂಗಸೊಬ್ಬರು ದಾಪುಗಾಲು ಹಾಕುತ್ತ ಬಂದರು.

"ನನ್ನ ಸಾಯಿಸಿದಾಂವ ನೀನೇನು?"

ನನ್ನ ಕೈಯಿಂದ ಬಟ್ಟೆ ಬಿತ್ತು.

"ಪ್ಯಾಟಿಗೆ ಹೋದ್ರ ಮಂದಿ ನನ್ನ ಕಂಡು ಹಿಂದ ಸರೀತಾರ!"

"ಕಾಕಾ ಹೇಳಿದ್ರಲ್ರಿ, ಒಂದಿನಾನೂ ಕುಂತಿಲ್ಲ ಅಂತ..."

"ಹೆಂಗ ಕೂಡ್ಲಿ? ಹಿಂದಕ ಕೆರೂರಿನ್ಯಾಗ ನಾ ಹತ್ತೂದ್ರಾಗ ಬಸ್ ಬಿಟ್ಕೊಂಡು ಹೋದ ಮನಷ್ಯಾ ಇವರು. ಅವತ್ತ ಆಣಿ ಮಾಡೇನಿ, ಇವರು ಓಡಸೂ ಗಾಡಿ ಹತ್ತೂದಿಲ್ಲ ಅಂತ." ಕಾಕಾರ ಹೆಂಡತಿ, ಅಂದರೆ ನಮ್ಮ ಕಾಕು, ಬಾನೆಟ್ಟಿನ ಹತ್ತಿರ ಹೋದರು. ಮೇಣದ ಕೆಳಗೆ ಹೊಳೆಯುತ್ತಿದ್ದ ಕುಂಕುಮವನ್ನು ಮುಟ್ಟಿ ಮೆತ್ತಗಾದರು. "ಇರಲಿ. ಈಗ ಊರಿಗೆಲ್ಲ ನಾ ಬದುಕೇನಿ ಅಂತ ತೋರಸಬೇಕಲ್ಲ. ನಡೀರಿ, ಒಂದ್ ಸುತ್ತು ಹಾಕೋಣು."

ಕಾಕಾ ಮುಖ ಅರಳಿತು. ಓಡಿಹೋಗಿ ಕೂತರು, ಗಾಡಿ ಚಾಲೂ ಮಾಡಿದರು, ಹೊರಟೇಬಿಟ್ಟರು. ಕಾಕು ನನ್ನ ಪಕ್ಕದಲ್ಲೇ ನಿಂತಿದ್ದರು.

ಇನ್ನು ಕತೆ ಮುಗಿಯಿತು ಅಂದುಕೊಂಡೆ. ಆದರೆ ಕಾಕು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಕಾರು ರಿವರ್ಸಿನಲ್ಲಿ ನಾಚಿಕೊಂಡು ಬಂತು. ಕಾಕು ಹತ್ತಿ ಕೂತರು, ಸೆರಗು ಒಳಗೆಳೆದುಕೊಂಡರು, ಬಾಗಿಲು ಹಾಕಿ ಅದರ ಮೇಲೆ ಎರಡು ಸಲ ಬಡಿದು ಕೂಗಿದರು:

"ಹ್ಞಾಂ, ರೈಟ್!"